ಜಾಗ್ವಾರ್ ಕಾಯುವ ದೋಣಿಗಳು

ಬ್ರೆಜಿಲ್ ದೇಶದ ಪೊಕೊನೆ ಪಟ್ಟಣದಿಂದ ದಕ್ಷಿಣಕ್ಕೆ ಹೊರಡುವ ಟ್ರಾನ್ಸ್‌ಪಾಂಟನೇರಾ ಎಂಬ ಮಣ್ಣುರಸ್ತೆ ನೂರಕ್ಕೂ ಹೆಚ್ಚು ಸೇತುವೆಗಳನ್ನು ಹಾಯ್ದು, ಸುಮಾರು 145 ಕಿಲೋಮೀಟರ್ ಸಾಗಿ, ಕುಯಾಬಾ ನದಿಯ ದಡದಲ್ಲಿ ನಿಂತುಬಿಡುತ್ತದೆ. ಆ ಜಾಗದ ಹೆಸರು ಪೋರ್ಟೊ ಜೋಫ್ರೆ. ಜಾಗ್ವಾರನ್ನು ಅದರ ನೆಲೆಯಲ್ಲೇ ಕಣ್ಣಾರೆ ನೋಡಬೇಕೆನ್ನುವವರಿಗೆ ಇದಕ್ಕಿಂತ ಭರವಸೆಯ ಇನ್ನೊಂದು ತಾಣ ಸಿಗುವುದು ಕಷ್ಟ.

ಇಲ್ಲಿ ಜಾಗ್ವಾರ್ ನೋಡುವುದು ಬಾಡಿಗೆ ದೋಣಿಯಿಂದ. ಒಬ್ಬರೇ ಬರುವವರಿಗೆ ಮೊದಲ ತೊಡಕು ಆ ಬಾಡಿಗೆಯದೇ. ಸಾಮಾನ್ಯವಾಗಿ ಇಲ್ಲಿ ಲೆಕ್ಕ ತಲೆಗಲ್ಲ, ಇಡೀ ದೋಣಿಗೆ. ಆದ್ದರಿಂದ ಒಂಟಿ ಪ್ರವಾಸಿಗರು ಕುಯಾಬಾ ನಗರದಲ್ಲೇ ವಿಚಾರಿಸಿ ಯಾವುದಾದರೂ ಸಣ್ಣ ತಂಡಕ್ಕೆ ಸೇರಿಕೊಳ್ಳುವುದು ವಾಸಿ. ಸೇರಿಕೊಂಡರೂ ಏಕಾಂತಕ್ಕೆ ಕೊರತೆಯಾಗದು. ಎಲ್ಲರ ಕಣ್ಣೂ ದಡದ ಮೇಲೇ ಇರುವಾಗ ಮಾತು ತಾನಾಗಿಯೇ ಕಡಿಮೆಯಾಗುತ್ತದೆ. ದೋಣಿ ನಡೆಸುವವರಲ್ಲಿ ಅನೇಕರಿಗೆ ಪೋರ್ಚುಗೀಸ್ ಮಾತ್ರ ಗೊತ್ತು, ಆದರೆ ಅವರು ಕೈ ತೋರಿದ ಕಡೆ ನೋಡುವುದಕ್ಕೆ ಭಾಷೆ ಬೇಕಿಲ್ಲ.

ಪಾಂಟನಾಲ್ ಜಗತ್ತಿನ ಅತಿ ದೊಡ್ಡ ಉಷ್ಣವಲಯದ ಜೌಗುಬಯಲು. ಬಹುಪಾಲು ಬ್ರೆಜಿಲ್‌ನಲ್ಲಿದ್ದು, ಬೊಲಿವಿಯಾ ಮತ್ತು ಪರಾಗ್ವೆಗೂ ಚಾಚಿಕೊಂಡಿರುವ ಇದರ ವಿಸ್ತಾರ ಹೆಚ್ಚುಕಡಿಮೆ ಕರ್ನಾಟಕದಷ್ಟು. ನೆಲ ಎಷ್ಟು ಸಮತಟ್ಟೆಂದರೆ, ಮಳೆಗಾಲದಲ್ಲಿ ಸುತ್ತಲಿನ ಎತ್ತರದ ಸೀಮೆಯಿಂದ ಇಳಿದ ನೀರು ಉತ್ತರದಿಂದ ದಕ್ಷಿಣದ ತುದಿ ಮುಟ್ಟಲು ತಿಂಗಳುಗಳೇ ಹಿಡಿಯುತ್ತವೆ. ಜುಲೈನಿಂದ ಅಕ್ಟೋಬರ್‌ವರೆಗೆ ಆ ನೀರು ಹಿಂದೆ ಸರಿಯುತ್ತದೆ. ಮೀನು ನದಿ, ಹಳ್ಳಗಳಲ್ಲಿ ಒತ್ತೊತ್ತಾಗಿ ಸೇರುತ್ತವೆ, ಮೀನಿನ ಹಿಂದೆ ಕೈಮನ್ ಮೊಸಳೆಗಳು ಬರುತ್ತವೆ, ಕೈಮನ್ ಇರುವಲ್ಲಿಗೆ ಜಾಗ್ವಾರ್ ಬರುತ್ತದೆ. ಬೇಸಿಗೆಯಲ್ಲಿ ಕಬಿನಿ ಹಿನ್ನೀರಿನಂಚಿಗೆ ಇಳಿಯುವ ಆನೆ ಹಿಂಡುಗಳನ್ನು ದೋಣಿಯಿಂದ ಕಂಡವರಿಗೆ ಈ ಲೆಕ್ಕಾಚಾರ ಹೊಸದೇನಲ್ಲ.

ದಡದುದ್ದಕ್ಕೂ ತೇಲುವ ನೇರಳೆ ಹೂವಿನ ಅಂತರಗಂಗೆ ಕನ್ನಡಿಗರಿಗೆ ಗುರುತು ಸಿಕ್ಕೇ ಸಿಗುತ್ತದೆ. ನಮ್ಮ ಕೆರೆಗಳನ್ನು ಮುಚ್ಚಿಹಾಕುತ್ತಿರುವ ಈ ಗಿಡದ ತವರು ದಕ್ಷಿಣ ಅಮೆರಿಕ. ಅಲ್ಲಿ ಅದು ಮರಿಮೀನಿಗೆ ಆಸರೆ, ಹಕ್ಕಿಗಳಿಗೆ ಮೇವಿನ ತಾಣ.

ಜಾಗ್ವಾರ್ ಮೊದಲ ನೋಟಕ್ಕೆ ನಮ್ಮ ಚಿರತೆಯಂತೆ ಕಾಣಬಹುದು. ಆದರೆ ಅದು ಚಿರತೆಗಿಂತ ದಪ್ಪ, ತಲೆ ದೊಡ್ಡದು, ಕಾಲು ಗಿಡ್ಡ, ಮೈಮೇಲಿನ ಎಷ್ಟೋ ಹೂಗುರುತುಗಳ ಒಳಗೆ ಪುಟ್ಟ ಕಪ್ಪು ಚುಕ್ಕೆಗಳಿರುತ್ತವೆ. ಪಾಂಟನಾಲ್‌ನವು ಈ ಜಾತಿಯಲ್ಲೇ ಅತಿ ದೊಡ್ಡವು, ಗಂಡು 100 ಕಿಲೋ ದಾಟುವುದುಂಟು. ದಡದಿಂದ ನೀರಿಗೆ ಜಿಗಿದು, ಕೈಮನ್‌ನ ತಲೆಯ ಹಿಂಭಾಗಕ್ಕೇ ಹಲ್ಲೂರಿ, ಬುರುಡೆ ಸೀಳಿ ಕೊಲ್ಲುತ್ತದೆ. ಪಾಂಟನಾಲ್‌ನಲ್ಲೇ ಇರುವ ತಾಯಮಾ ಎಂಬ ಸಂರಕ್ಷಿತ ಪ್ರದೇಶದಲ್ಲಿ ನಡೆದ ಅಧ್ಯಯನವೊಂದರಲ್ಲಿ ಅಲ್ಲಿನ ಜಾಗ್ವಾರ್‌ಗಳ ಆಹಾರದಲ್ಲಿ ಮೊಸಳೆ ಮತ್ತು ಮೀನೇ ಹೆಚ್ಚೆಂದು ಕಂಡುಬಂದಿದೆ. ಒಂಟಿ ಬದುಕಿನದೆಂದು ಹೆಸರಾದ ಈ ಪ್ರಾಣಿಗಳು ಅಲ್ಲಿ ಜೊತೆಗೂಡಿ ಆಡಿದ್ದನ್ನೂ ಕ್ಯಾಮೆರಾಗಳು ಸೆರೆಹಿಡಿದಿವೆ.

ದೋಣಿಗಳು ವರ್ಷಗಟ್ಟಲೆ ತಂಟೆ ಮಾಡದೆ ಓಡಾಡಿದ್ದರಿಂದ ಜಾಗ್ವಾರ್ ಅವುಗಳಿಗೆ ಒಗ್ಗಿಹೋಗಿದೆ. ಒಬ್ಬ ದೋಣಿಯವನಿಗೆ ಅದು ಕಂಡರೆ ರೇಡಿಯೊದಲ್ಲಿ ಸುದ್ದಿ ಹಬ್ಬುತ್ತದೆ, ಸ್ವಲ್ಪ ಹೊತ್ತಿನಲ್ಲೇ ದೋಣಿಗಳ ಸಾಲು ನೆರೆಯುತ್ತದೆ. ನದಿ ದಾಟುತ್ತಿರುವ ಪ್ರಾಣಿಗೆ ಅಡ್ಡ ಬಾರದಂತೆ ದೂರ ನಿಲ್ಲುವ ದೋಣಿಯವನನ್ನು ಆರಿಸಿಕೊಳ್ಳುವುದು, ಹತ್ತಿರ ಹೋಗೆಂದು ಅವನನ್ನು ಒತ್ತಾಯಿಸದಿರುವುದು ಪ್ರವಾಸಿಯ ಕೈಯಲ್ಲಿದೆ. ಒಂದು ಒಳ್ಳೆಯ ಫೋಟೊ ತಪ್ಪಿದರೆ ತಪ್ಪಲಿ. ಅಂಥ ಹೊತ್ತಿನಲ್ಲಿ ಬೇರೆ ತಿರುವಿಗೆ ದೋಣಿ ಹೊರಳಿಸಿದರೆ ದೈತ್ಯ ನೀರುನಾಯಿಗಳ ಕುಟುಂಬ ಮೀನು ಕಚಕಚನೆ ಅಗಿಯುತ್ತಿರಬಹುದು, ದಡದಲ್ಲಿ ಕ್ಯಾಪಿಬರಾ ಹಿಂಡು ಕುಳಿತಿರಬಹುದು. ಕಡುನೀಲಿ ಹಯಸಿಂತ್ ಮಕಾವ್ ಗಿಳಿಯನ್ನಂತೂ ತಪ್ಪಿಸಿಕೊಳ್ಳಬಾರದು. ಅದು ಹೆಚ್ಚಾಗಿ ಮಂಡುವಿ ಎಂಬ ಒಂದೇ ಜಾತಿಯ ಮರದ ಪೊಟರೆಯಲ್ಲಿ ಗೂಡು ಮಾಡುತ್ತದೆ. ಆ ಮರದ ಬೀಜ ಹರಡುವುದರಲ್ಲಿ ಟೋಕೊ ಟೂಕನ್ ಹಕ್ಕಿಯದು ದೊಡ್ಡ ಪಾಲು, ಮಕಾವ್‌ನ ಮೊಟ್ಟೆ ಕದ್ದು ತಿನ್ನುವುದೂ ಅದೇ.

ಇಲ್ಲಿನ ನೆಲದ ಬಹುಪಾಲು ಖಾಸಗಿ ದನದ ಫಾರ್ಮುಗಳದು. ದನ ಹಿಡಿಯುವ ಜಾಗ್ವಾರನ್ನು ಗುಂಡಿಟ್ಟು ಕೊಲ್ಲುವುದು ಹಳೆಯ ರೂಢಿ, 1967ರಲ್ಲಿ ಬೇಟೆ ನಿಷೇಧವಾದ ಮೇಲೂ ಅದು ಪೂರ್ತಿ ನಿಲ್ಲಲಿಲ್ಲ. 2017ರಲ್ಲಿ ಪ್ರಕಟವಾದ ಲೆಕ್ಕವೊಂದರ ಪ್ರಕಾರ ಈ ಭಾಗದಲ್ಲಿ ಜಾಗ್ವಾರ್ ಪ್ರವಾಸೋದ್ಯಮದ ವಾರ್ಷಿಕ ಆದಾಯ ಸುಮಾರು 68 ಲಕ್ಷ ಡಾಲರ್, ಅದೇ ಪ್ರದೇಶದಲ್ಲಿ ಜಾಗ್ವಾರ್‌ನಿಂದ ಆಗಬಹುದಾದ ದನಗಳ ನಷ್ಟ ಸುಮಾರು 1.2 ಲಕ್ಷ ಡಾಲರ್. ದೋಣಿಯ ಹಣದಲ್ಲಿ ಒಂದು ಪಾಲು ದನ ಕಳೆದುಕೊಂಡವರಿಗೂ ತಲುಪುವ ವ್ಯವಸ್ಥೆ ಬೇಕೆಂಬುದು ಆ ಸಂಶೋಧಕರ ಸಲಹೆ, ನ್ಯಾಯವಾದದ್ದೇ.

ಇಷ್ಟಾದರೂ ನೀರೇ ಕೈಕೊಟ್ಟರೆ ಏನೂ ಉಳಿಯದು. 2020ರ ಬರಗಾಲದ ಬೆಂಕಿ ಪಾಂಟನಾಲ್‌ನ ಕಾಲು ಭಾಗಕ್ಕೂ ಹೆಚ್ಚು ನೆಲವನ್ನು ಸುಟ್ಟಿತು. ಸುಮಾರು 1.7 ಕೋಟಿ ಬೆನ್ನೆಲುಬಿನ ಪ್ರಾಣಿಗಳು ನೇರವಾಗಿ ಬೆಂಕಿಗೇ ಬಲಿಯಾದವೆಂದು ವಿಜ್ಞಾನಿಗಳು ಅಂದಾಜಿಸಿದ್ದಾರೆ. ಪೋರ್ಟೊ ಜೋಫ್ರೆಯ ಪಕ್ಕದಲ್ಲೇ ಇರುವ, 2004ರಲ್ಲಿ ಸ್ಥಾಪನೆಯಾದ ಎನ್‌ಕಾಂತ್ರೊ ದಾಸ್ ಆಗ್ವಾಸ್ ಉದ್ಯಾನದ ಬಹುಭಾಗವೂ ಉರಿಯಿತು. ಪಾದಗಳು ಸುಟ್ಟುಹೋಗಿದ್ದ ಔಸಾಡೊ ಎಂಬ ಗಂಡು ಜಾಗ್ವಾರನ್ನು ಹಿಡಿದು, ಚಿಕಿತ್ಸೆ ಕೊಟ್ಟು, ರೇಡಿಯೊ ಕಾಲರ್ ಹಾಕಿ ಮತ್ತೆ ಅಲ್ಲಿಗೇ ಬಿಡಲಾಯಿತು. ಆಮೇಲೆ ಪ್ರವಾಸಿ ದೋಣಿಗಳಿಂದಲೂ ಅದನ್ನು ಕಂಡಿದ್ದಾರೆ.

ಪ್ರತಿ ಜಾಗ್ವಾರ್‌ನ ಹೂಗುರುತೂ ಬೇರೆ. ಆದ್ದರಿಂದ ಇಲ್ಲಿನ ಜಾಗ್ವಾರ್ ಗುರುತು ಯೋಜನೆಯವರು ಪ್ರವಾಸಿಗರ ಫೋಟೊಗಳನ್ನೂ ಪಡೆದು, ಯಾವುದು ಎಲ್ಲಿ ಕಂಡಿತು, ಯಾವ ತಾಯಿಗೆ ಎಷ್ಟು ಮರಿ ಎಂದು ದಾಖಲಿಸುತ್ತಿದ್ದಾರೆ. ಒಂಟಿಯಾಗಿ ಹೋದವರೂ ತಮ್ಮ ಚಿತ್ರಗಳನ್ನು ಅವರಿಗೆ ಕಳಿಸಬಹುದು. ಮುಖದ ಚಿತ್ರ ಎಷ್ಟೇ ಚೆನ್ನಾಗಿದ್ದರೂ, ಎರಡು ಪಕ್ಕೆಗಳ ಚಿತ್ರವೂ ದಿನಾಂಕ, ಸ್ಥಳದ ವಿವರವೂ ಜೊತೆಗಿದ್ದರೆ ಗುರುತು ಹಿಡಿಯುವುದು ಸುಲಭ.