ಇಂಗಳದಾಳಿನ ಹಸಿರು ಕಲ್ಲು

ಬೆಂಗಳೂರಿನ ಗೋವಿಂದರಾಜನಗರದಿಂದ ಹೊರಟು ತುಮಕೂರು ರಸ್ತೆ ಹಿಡಿದರೆ ಚಿತ್ರದುರ್ಗ ಸುಮಾರು ಇನ್ನೂರು ಕಿಲೋಮೀಟರ್. ನಮ್ಮ ಬಡಾವಣೆಯಿಂದ ಹೋದವರು ಕೋಟೆ ಹತ್ತಿ, ಓಬವ್ವನ ಕಿಂಡಿ ಇಣುಕಿ, ಚಂದ್ರವಳ್ಳಿಯ ಗುಹೆ ನೋಡಿ ಮರಳುತ್ತಾರೆ. ಊರಿಗೆ ತುಸು ದೂರದ ಇಂಗಳದಾಳಿನ ತಾಮ್ರದ ಗಣಿಯ ಕಡೆ ವಾಹನ ತಿರುಗಿಸುವವರು ಕಡಿಮೆ.

ಕೋಟೆಯ ಬಂಡೆಗಳು ಗ್ರಾನೈಟ್. ತಿಳಿ ಬಣ್ಣ, ದುಂಡು ಮೈ. ಇಂಗಳದಾಳಿನ ಕಲ್ಲಿಗೆ ಕಪ್ಪು ಬೆರೆತ ಹಸಿರು. ಅದು ಕಡಲ ತಳದಲ್ಲಿ ಹರಿದ ಲಾವಾ, ವಯಸ್ಸು ಸುಮಾರು 250 ಕೋಟಿ ವರ್ಷಕ್ಕೂ ಮೇಲೆ. ನೀರಿಗೆ ಬಿದ್ದ ಲಾವಾ ಹೇಗೆ ಹೆಪ್ಪುಗಟ್ಟುತ್ತದೆಂದು ನೋಡಬೇಕಾದರೆ ಐಮಂಗಲದ ಬಳಿಯ ಮರಡಿಹಳ್ಳಿಗೆ ಹೋಗಬೇಕು. ಅಲ್ಲಿ ಬಂಡೆಯೆಲ್ಲ ದಿಂಬು ಪೇರಿಸಿಟ್ಟಂತಿದೆ. ಅದೀಗ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಬಿರುಕುಗಳಲ್ಲಿ ಇಳಿದ ಕಡಲ ನೀರು ಕಾದು, ಕಲ್ಲಿನೊಳಗಿನ ತಾಮ್ರ, ಕಬ್ಬಿಣವನ್ನು ಕರಗಿಸಿಕೊಂಡು ಮೇಲೆದ್ದು, ತಣಿದಲ್ಲಿ ಗಂಧಕದೊಡನೆ ಬಿಟ್ಟುಹೋಯಿತು ಎಂಬುದು ಇಂಥ ಅದಿರಿಗೆ ಭೂವಿಜ್ಞಾನಿಗಳು ಕೊಡುವ ವಿವರಣೆ. ಹಿತ್ತಾಳೆಯಂತೆ ಹೊಳೆಯುವ ಆ ಖನಿಜವೇ ಚಾಲ್ಕೊಪೈರೈಟ್. ಅದರ ತೂಕದ ಮೂರರಲ್ಲಿ ಒಂದು ಪಾಲಿಗಿಂತ ಚೂರು ಹೆಚ್ಚು ತಾಮ್ರ. ಆದರೆ ಅದು ಬಂಡೆಯಲ್ಲಿ ತೆಳುವಾಗಿ ಹರಡಿರುವುದರಿಂದ ಗುಡ್ಡ ಅಗೆದರೂ ಕೈಗೆ ಸಿಗುವುದು ಸ್ವಲ್ಪವೇ.

ಇಲ್ಲಿ ಮೊದಲು ಅಗೆದವರ ಹೆಸರು ಯಾವ ಶಾಸನದಲ್ಲೂ ಇಲ್ಲ. ಅವರ ಹಳೆಯ ಗುಂಡಿಗಳಷ್ಟೇ ಉಳಿದವು. ಗಾಳಿ, ಮಳೆಗೆ ಸಿಕ್ಕ ತಾಮ್ರದ ಅದಿರು ಮೇಲ್ಮೈಯಲ್ಲಿ ಹಸಿರು ಕಲೆಯಾಗುತ್ತದೆ, ಪಕ್ಕದ ಕಬ್ಬಿಣ ಕೆಂಪು ತುಕ್ಕಾಗುತ್ತದೆ. ಭೂಪಟವೂ ಪ್ರಯೋಗಾಲಯವೂ ಇಲ್ಲದ ಕಾಲದಲ್ಲಿ ಆ ಎರಡು ಬಣ್ಣ ಕಂಡು ಇಲ್ಲೇ ಅಗೆಯಬೇಕೆಂದು ಗುರುತಿಸಿದ ಕಣ್ಣುಗಳನ್ನು ನಾನು ಕೋಟೆ ಕಟ್ಟಿದವರಷ್ಟೇ ಗೌರವಿಸುತ್ತೇನೆ. ಇಂಥ ಹಳೆಯ ಗಣಿಗಾರರು ಬೆಂಕಿ ಹಾಕಿ ಬಂಡೆ ಬಿರಿಯಿಸುತ್ತಿದ್ದುದರ ಕುರುಹು ಹಟ್ಟಿಯ ಚಿನ್ನದ ಗಣಿಯಲ್ಲಿ ಸಿಕ್ಕಿದೆ.

ಕಳೆದ ಶತಮಾನದಲ್ಲಿ ಅದೇ ಹಟ್ಟಿಯ ಗಣಿ ಕಂಪನಿಯ ತಾಮ್ರ ಘಟಕ ಇಲ್ಲಿ ಗಣಿ ನಡೆಸಿತು. ಅದಿರನ್ನು ಪುಡಿ ಮಾಡಿ, ನೀರಿನಲ್ಲಿ ನೊರೆ ಎಬ್ಬಿಸಿ ತಾಮ್ರದ ಕಣಗಳನ್ನು ತೇಲಿಸಿ ತೆಗೆಯುವ ಕೆಲಸ ನಡೆಯಿತು. ಈಗ ಗಣಿ ಮುಚ್ಚಿದೆ. ಕೆಲಸ ನಿಂತರೂ ರಸಾಯನ ನಿಲ್ಲುವುದಿಲ್ಲ: ಗಂಧಕದ ಅದಿರಿಗೆ ಗಾಳಿ, ನೀರು ತಾಗಿದರೆ ಆಮ್ಲ ಹುಟ್ಟುತ್ತದೆ. ಹಾಗಾಗಿ ಇಂಥ ಮುಚ್ಚಿದ ಗಣಿಗಳ ಸುತ್ತಲಿನ ನೀರನ್ನು ಮಳೆಗಾಲದಲ್ಲಿ ತಪ್ಪದೆ ಪರೀಕ್ಷಿಸಬೇಕು.

ಇನ್ನೊಂದು ಕೆಲಸವೂ ಬಾಕಿ ಇದೆ. ಪುರಾತತ್ವಜ್ಞ ಎಂ.ಎಚ್. ಕೃಷ್ಣ ಚಂದ್ರವಳ್ಳಿಯನ್ನು 1929ರಲ್ಲಿ ಅಗೆಸಿದಾಗ ಈ ನೆಲದಲ್ಲಿ ಶಾತವಾಹನ ನಾಣ್ಯಗಳು ಸಿಕ್ಕವು. ತಾಮ್ರ ಅಗೆದವರ ನೆನಪಿಗೂ ಒಂದು ಗುರುತು ಬೇಕು: ಚಿತ್ರದುರ್ಗದ ವಸ್ತುಸಂಗ್ರಹಾಲಯದಲ್ಲಿ ಹಳೆಯ ನಾಣ್ಯಗಳ ಪಕ್ಕ ಇಂಗಳದಾಳಿನದೊಂದು ಹಸಿರು ಕಲೆಯ ಕಲ್ಲು ಇಡಲಿ, ಅದು ಸಿಕ್ಕ ಗುಂಡಿಯ ಚಿತ್ರದೊಂದಿಗೆ.