ಕಪಿಗಳ ಲೆಕ್ಕ, ಸೊನ್ನೆಯ ಗುಟ್ಟು

ಒಂದು ಕಪಿಗಳ ಹಿಂಡು. ಅದರ ಎಂಟನೆಯ ಒಂದು ಭಾಗದ ವರ್ಗದಷ್ಟು ಕಪಿಗಳು ಕಾಡಿನಲ್ಲಿ ಆಟವಾಡುತ್ತ ಮೈಮರೆತಿವೆ. ಉಳಿದ 12 ಕಪಿಗಳು ಗುಡ್ಡದ ಮೇಲೆ ಕೂಗಾಡುತ್ತಿವೆ. ಹಿಂಡಿನಲ್ಲಿರುವ ಕಪಿಗಳು ಒಟ್ಟು ಎಷ್ಟು?

ಭಾಸ್ಕರಾಚಾರ್ಯರು 1150ರಲ್ಲಿ ರಚಿಸಿದ 'ಸಿದ್ಧಾಂತ ಶಿರೋಮಣಿ'ಯ 'ಬೀಜಗಣಿತ' ಭಾಗದಲ್ಲಿ ಬರುವ ಲೆಕ್ಕವಿದು. ಉತ್ತರ 16 ಎಂದರೆ ಸರಿ: ಎಂಟನೆಯ ಒಂದು ಭಾಗ 2, ಅದರ ವರ್ಗ 4, ಜೊತೆಗೆ 12. ಉತ್ತರ 48 ಎಂದರೂ ಸರಿ: ಎಂಟನೆಯ ಒಂದು ಭಾಗ 6, ಅದರ ವರ್ಗ 36, ಜೊತೆಗೆ 12. ಒಂದೇ ಪ್ರಶ್ನೆಗೆ ಎರಡು ಉತ್ತರ, ಎರಡೂ ನಿಜ! ಇದು ಹೇಗೆ ಸಾಧ್ಯ?

ಗೊತ್ತಿಲ್ಲದ ಸಂಖ್ಯೆಗೆ ಇಂದಿನ ಮಕ್ಕಳು 'ಎಕ್ಸ್' ಎನ್ನುತ್ತಾರೆ. ನಮ್ಮ ಹಳೆಯ ಗಣಿತಜ್ಞರು ಅದನ್ನು 'ಯಾವತ್ ತಾವತ್', ಅಂದರೆ 'ಎಷ್ಟೋ ಅಷ್ಟು' ಎಂದು ಕರೆದು, ಚಿಕ್ಕದಾಗಿ 'ಯಾ' ಎಂದು ಬರೆಯುತ್ತಿದ್ದರು. ನಾವೂ ಹಾಗೆಯೇ ಬರೆಯೋಣ. ಕಪಿಗಳ ಲೆಕ್ಕವನ್ನು ಸಮೀಕರಣವಾಗಿಸಿ, ಎರಡೂ ಬದಿಯನ್ನು 64ರಿಂದ ಗುಣಿಸಿ, ಎಲ್ಲವನ್ನೂ ಒಂದೇ ಬದಿಗೆ ತಂದರೆ ಹೀಗಾಗುತ್ತದೆ:

ಯಾ² − 64ಯಾ + 768 = 0

ಈಗ ಕೂಡಿದರೆ 64, ಗುಣಿಸಿದರೆ 768 ಆಗುವ ಎರಡು ಸಂಖ್ಯೆಗಳನ್ನು ಹುಡುಕಬೇಕು. ಅವು 16 ಮತ್ತು 48. ಆದ್ದರಿಂದ ಸಮೀಕರಣವನ್ನು ಒಡೆದು ಬರೆಯಬಹುದು:

(ಯಾ − 16) × (ಯಾ − 48) = 0

ಶಾಲೆಯಲ್ಲಿ ಇದಕ್ಕೆ ಅಪವರ್ತನ ವಿಧಾನ ಎನ್ನುತ್ತಾರೆ. ಅನೇಕರು ಇದನ್ನು ಬಾಯಿಪಾಠ ಮಾಡಿ ಪರೀಕ್ಷೆ ದಾಟುತ್ತಾರೆ. ಆದರೆ ಬಲಗಡೆ ಸೊನ್ನೆಯೇ ಏಕಿರಬೇಕು ಎಂದು ಕೇಳುವವರು ಕಡಿಮೆ. ಗುಟ್ಟು ಇರುವುದು ಅಲ್ಲೇ.

ಎರಡು ಸಂಖ್ಯೆಗಳ ಗುಣಲಬ್ಧ 12 ಎಂದರೆ ಅವು ಯಾವುವೆಂದು ಹೇಳಲಾಗದು. 3 ಮತ್ತು 4 ಇರಬಹುದು, 2 ಮತ್ತು 6 ಇರಬಹುದು, ಅರ್ಧ ಮತ್ತು 24 ಕೂಡ ಇರಬಹುದು. ಗುಣಲಬ್ಧ ಸೊನ್ನೆ ಎಂದರೆ ಮಾತ್ರ ಅನುಮಾನಕ್ಕೆ ಎಡೆಯಿಲ್ಲ: ಎರಡರಲ್ಲಿ ಒಂದಾದರೂ ಸೊನ್ನೆಯಾಗಿರಲೇಬೇಕು. ಹಾಗಾಗಿ ಯಾ 16 ಆಗಿರಬೇಕು, ಇಲ್ಲವೇ 48 ಆಗಿರಬೇಕು. ಮೂರನೆಯ ಉತ್ತರವಿಲ್ಲ. ಯಾವ ಸಂಖ್ಯೆಯನ್ನು ಸೊನ್ನೆಯಿಂದ ಗುಣಿಸಿದರೂ ಸೊನ್ನೆಯೇ ಎಂಬ ನಿಯಮವನ್ನು ಬ್ರಹ್ಮಗುಪ್ತ 628ರಷ್ಟು ಹಿಂದೆಯೇ ಬರೆದಿಟ್ಟಿದ್ದ.

ಆದರೆ ಭಾಸ್ಕರಾಚಾರ್ಯರು ಲೆಕ್ಕ ಬಿಡಿಸಿದ್ದು ಅಪವರ್ತನದಿಂದಲ್ಲ. ಎರಡೂ ಬದಿಗೆ ತಕ್ಕ ಸಂಖ್ಯೆ ಕೂಡಿಸಿ ಒಂದು ಬದಿಯನ್ನು ಪೂರ್ಣ ವರ್ಗವಾಗಿಸುವ, ಶ್ರೀಧರಾಚಾರ್ಯರ ಹೆಸರಿನಲ್ಲಿ ಪ್ರಸಿದ್ಧವಾದ ಮಾರ್ಗ ಅವರದು. ಸಮೀಕರಣವನ್ನು ಅಪವರ್ತನಗಳ ಗುಣಲಬ್ಧವಾಗಿ ಕಾಣುವ ದೃಷ್ಟಿ ಸ್ಪಷ್ಟವಾಗಿ ಮೂಡಿದ್ದು ಇಂಗ್ಲೆಂಡಿನ ಥಾಮಸ್ ಹ್ಯಾರಿಯಟ್‌ನ ಬರಹಗಳಲ್ಲಿ. ಅವನು ತೀರಿಕೊಂಡದ್ದು 1621ರಲ್ಲಿ. ಬೀಜಗಣಿತದ ಅವನ ಗ್ರಂಥ ಅಚ್ಚಾದದ್ದು 1631ರಲ್ಲಿ.

ದಾರಿ ಯಾವುದಾದರೂ ಎರಡು ಉತ್ತರ ಬಂದಾಗ ಯಾವುದನ್ನು ಒಪ್ಪಬೇಕು? ಭಾಸ್ಕರಾಚಾರ್ಯರು ಇನ್ನೊಂದು ಕಪಿಗಳ ಲೆಕ್ಕ ಕೊಡುತ್ತಾರೆ. ಹಿಂಡಿನ ಐದನೆಯ ಒಂದು ಭಾಗದಲ್ಲಿ 3 ಕಳೆದು, ಉಳಿದುದನ್ನು ವರ್ಗ ಮಾಡಿದಷ್ಟು ಕಪಿಗಳು ಗುಹೆ ಹೊಕ್ಕವು. ಒಂದು ಮಾತ್ರ ಕೊಂಬೆಯ ಮೇಲೆ ಕಾಣಿಸಿತು. ಇದನ್ನು ಒಡೆದರೆ (ಯಾ − 50) × (ಯಾ − 5) = 0. ಉತ್ತರ 50 ಅಥವಾ 5. ಆದರೆ 5ರ ಐದನೆಯ ಭಾಗ 1. ಅದರಲ್ಲಿ 3 ಕಳೆದರೆ −2. ವರ್ಗ ಮಾಡಿದಾಗ 4 ಬಂದು ಲೆಕ್ಕವೇನೋ ಕೂಡಿಬರುತ್ತದೆ. ಆದರೂ ಒಂದು ಕಪಿಯಿಂದ ಮೂರನ್ನು ಕಳೆಯುವುದೆಂತು? ಋಣಸಂಖ್ಯೆಯನ್ನು ಜನ ಒಪ್ಪುವುದಿಲ್ಲ ಎಂದು ಆಚಾರ್ಯರು 5ನ್ನು ಕೈಬಿಟ್ಟರು.

ಇಂಥ ಲೆಕ್ಕಗಳಿಗೆ ಕನ್ನಡ ನಾಡಿನ ನಂಟೂ ಉಂಟು. ರಾಷ್ಟ್ರಕೂಟರ ದೊರೆ ಅಮೋಘವರ್ಷ ನೃಪತುಂಗನನ್ನು ಹೊಗಳಿ 'ಗಣಿತಸಾರಸಂಗ್ರಹ' ಆರಂಭಿಸುವ ಮಹಾವೀರಾಚಾರ್ಯರು ಭಾಸ್ಕರರಿಗಿಂತ ಸುಮಾರು 300 ವರ್ಷ ಹಿಂದಿನವರು. ಅವರ ಒಂಟೆಗಳ ಲೆಕ್ಕ ಇದು: ಹಿಂಡಿನ ಕಾಲು ಭಾಗ ಕಾಡಿನಲ್ಲಿ, ವರ್ಗಮೂಲದ ಎರಡರಷ್ಟು ಬೆಟ್ಟದ ಇಳಿಜಾರಿನಲ್ಲಿ, ಉಳಿದ 15 ನದಿಯ ದಡದಲ್ಲಿ. ವರ್ಗಮೂಲವನ್ನೇ ಯಾ ಎಂದಿಟ್ಟುಕೊಂಡರೆ 3ಯಾ² − 8ಯಾ − 60 = 0, ಅಂದರೆ (ಯಾ − 6) × (3ಯಾ + 10) = 0. ಯಾ 6 ಆದರೆ ಒಂಟೆಗಳು 36. ಇನ್ನೊಂದು ಉತ್ತರ ಋಣಸಂಖ್ಯೆ. ಅದನ್ನು ವರ್ಗ ಮಾಡಿದರೆ ಹನ್ನೊಂದು ಒಂಟೆಗಳ ಜೊತೆಗೆ ಒಂಬತ್ತನೆಯ ಒಂದು ಭಾಗ ಒಂಟೆ!

ಸಮೀಕರಣಕ್ಕೆ ಕಪಿಯೂ ಗೊತ್ತಿಲ್ಲ, ಒಂಟೆಯೂ ಗೊತ್ತಿಲ್ಲ. ಸಾಧ್ಯವಿರುವ ಉತ್ತರಗಳನ್ನೆಲ್ಲ ಅದು ಮುಂದಿಡುತ್ತದೆ, ಅಷ್ಟೇ. ಆಮೇಲೆ ಮತ್ತೆ ಪ್ರಶ್ನೆಯನ್ನು ಓದಿ, ಆರಿಸಿಕೊಳ್ಳಬೇಕಾದವರು ನಾವು. ಮನೆಯಲ್ಲಿ ಮಗು ಲೆಕ್ಕ ಬಿಡಿಸಿ ಎರಡು ಉತ್ತರ ತಂದರೆ 'ಯಾವುದು ಸರಿ?' ಎಂದಷ್ಟೇ ಕೇಳಬೇಡಿ. 'ಇನ್ನೊಂದು ಏಕೆ ಬೇಡ?' ಎಂದೂ ಕೇಳಿ.