ದ್ರಾಕ್ಷಿ ಶೆಡ್ಡಿನಲ್ಲಿ ತಿದ್ದಿಸಿಕೊಂಡ ಲೇಖನ

ಬೇಸಿಗೆ ಹತ್ತಿರವಾಗುತ್ತಿದ್ದಂತೆ ತಿಕೋಟಾ ಕಡೆಯ ಹೊಲಗಳಲ್ಲಿ ಡಿಪ್ಪಿಂಗ್ ಶುರುವಾಗುತ್ತದೆ. ಟಬ್ಬಿನ ನೀರಿಗೆ ಪೊಟ್ಯಾಸಿಯಂ ಕಾರ್ಬೊನೇಟ್ ಪುಡಿ ಮತ್ತು ಡಿಪ್ಪಿಂಗ್ ಆಯಿಲ್ ಬೆರೆಸಿ, ದ್ರಾಕ್ಷಿ ಗೊನೆಗಳನ್ನು ಕ್ರೇಟಿನ ಸಮೇತ ಕೆಲವು ನಿಮಿಷ ಅದ್ದಿ, ಶೆಡ್ಡಿನ ಜಾಳಿಗೆಯ ಮೇಲೆ ಹರವುತ್ತಾರೆ. ಸುಮಾರು ಎರಡು ವಾರದಲ್ಲಿ ಮಣೂಕ ಸಿದ್ಧ. ಅದ್ದದೆ ಒಣಹಾಕಿದರೆ ಇನ್ನೂ ಎಷ್ಟೋ ದಿನ ಕಾಯಬೇಕು.

ವಿಜ್ಞಾನ ಲೇಖನ ಬರೆಯುವುದು ಹೇಗೆ ಎಂದು ಕೇಳುವ ಕಾಲೇಜು ಮಕ್ಕಳಿಗೆ ನಾನು ಈ ಟಬ್ಬನ್ನೇ ತೋರಿಸುತ್ತೇನೆ. ಕಪ್ಪುರಂಧ್ರದ ಬಗ್ಗೆ ಬರೆಯಬಾರದು ಎಂದಲ್ಲ. ಅದರಲ್ಲಿ ತಪ್ಪಿದರೆ ಊರಲ್ಲಿ ತಿದ್ದುವವರು ಸಿಗುವುದು ಕಷ್ಟ. ದ್ರಾಕ್ಷಿಯಲ್ಲಿ ತಪ್ಪಿದರೆ ಓಣಿಗೊಬ್ಬರು ಸಿಗುತ್ತಾರೆ. ಬರೆಯಲು ಕಲಿಯುವವರಿಗೆ ಇದಕ್ಕಿಂತ ದೊಡ್ಡ ಅನುಕೂಲ ಬೇರೆ ಏನಿದೆ?

ನನ್ನ ಮೊದಲ ಕರಡಿನಲ್ಲಿ ‘ಈ ದ್ರಾವಣ ಹಣ್ಣಿನ ಮೇಲಿನ ಮೇಣವನ್ನು ಕರಗಿಸಿಬಿಡುತ್ತದೆ’ ಎಂದು ಬರೆದಿದ್ದೆ. ಶೆಡ್ಡಿನಲ್ಲೇ ಕೂತು ಬೆಳೆಗಾರರೊಬ್ಬರಿಗೆ ಓದಿ ಹೇಳಿದೆ. ಜಾಳಿಗೆಯ ಮೇಲಿನ ಗೊನೆ ಹೊರಳಿಸುತ್ತಿದ್ದವರು ಕೈ ನಿಲ್ಲಿಸಿದರು. “ಅದ್ದಿದ ಹಣ್ಣಿನ ಮ್ಯಾಲ ಮಳಿ ಬಡದ್ರ ಮತ್ತ ತಡಾ ಒಣಗತೈತ್ರೀ ಸರ್. ಮ್ಯಾಣ ಕರಗೇ ಹೋಗಿದ್ರ ಹಂಗ್ಯಾಕ ಆಕ್ಕೈತಿ?”

ನನ್ನಲ್ಲಿ ಉತ್ತರವಿರಲಿಲ್ಲ. ಮನೆಗೆ ಬಂದು ಹುಡುಕಿ ಓದಿದಾಗ ಅವರ ಮಾತೇ ಸರಿಯಾಗಿತ್ತು. ದ್ರಾಕ್ಷಿಯ ಮೇಲೆ ಬೂದಿ ಸವರಿದಂತೆ ಕಾಣುವುದು ಮೇಣದ ಅತಿ ಸಣ್ಣ ಹಾಳೆಗಳ ಪದರ. ಗುಡಿಸಲಿಗೆ ಹೊದಿಸಿದ ಕಬ್ಬಿನ ರವದಿಯಂತೆ ಅವು ಒಂದರ ಮೇಲೊಂದು ಕೂತಿರುತ್ತವೆ. ಮೇಣಕ್ಕೂ ನೀರಿಗೂ ಆಗಿಬರುವುದಿಲ್ಲ, ಹಾಗಾಗಿ ಒಳಗಿನ ನೀರು ಸುಲಭವಾಗಿ ಹೊರಬರುವುದಿಲ್ಲ. ಡಿಪ್ಪಿಂಗ್ ಆಯಿಲಿನ ಮುಖ್ಯ ಅಂಶ ಈಥೈಲ್ ಓಲಿಯೇಟ್. ಅದು ಹಾಳೆಗಳ ನಡುವೆ ಸೇರಿ ಜೋಡಣೆಯನ್ನು ಬದಲಿಸಿ ನೀರಿಗೆ ದಾರಿ ಮಾಡಿಕೊಡುತ್ತದೆ. ಎಣ್ಣೆಯಂಶ ತೊಳೆದುಹೋದರೆ ದಾರಿ ಮತ್ತೆ ಬಿಗಿಯಾಗುತ್ತದೆ. ‘ಕರಗಿಸಿಬಿಡುತ್ತದೆ’ ಎಂಬ ಒಂದು ಕ್ರಿಯಾಪದ ತಪ್ಪಿದ್ದರಿಂದ ಇಡೀ ವಿವರಣೆಯೇ ತಪ್ಪಾಗಿತ್ತು.

ಶೆಡ್ಡಿನವರು ಹೇಳುವ ಲೆಕ್ಕವನ್ನೂ ಹಾಗೇ ಬರೆದುಕೊಂಡು ಬರಬಾರದು, ಮಾಡಿ ನೋಡಬೇಕು. ‘ನಾಲ್ಕು ಕಿಲೋ ಹಣ್ಣಿಗೆ ಒಂದು ಕಿಲೋ ಮಣೂಕ’ ಎನ್ನುತ್ತಾರೆ. 100 ಕಿಲೋ ಮಾಗಿದ ದ್ರಾಕ್ಷಿಯಲ್ಲಿ ಸಕ್ಕರೆ ಮತ್ತಿತರ ಘನಾಂಶ 22 ಕಿಲೋ ಇದೆ ಎಂದುಕೊಳ್ಳಿ. ಮಣೂಕದಲ್ಲಿ ಶೇ. 15ರಷ್ಟು ನೀರು ಉಳಿಯುತ್ತದೆ, ಅಂದರೆ ಆ 22 ಕಿಲೋ ಒಟ್ಟು ತೂಕದ ಶೇ. 85 ಭಾಗ. ಭಾಗಿಸಿದರೆ ಸುಮಾರು 26 ಕಿಲೋ ಬರುತ್ತದೆ. ರೈತರ ಮಾತು ತಾಳೆಯಾಯಿತು. ಸಕ್ಕರೆ ಏರುವ ಮೊದಲೇ ಕಟಾವು ಮಾಡಿದರೆ ತೂಕ ಏಕೆ ಹೊಡೆತ ತಿನ್ನುತ್ತದೆ ಎಂಬುದೂ ಇದೇ ಲೆಕ್ಕದಲ್ಲಿದೆ.

ಬಬಲೇಶ್ವರದ ಕಡೆ ಹೊರಳಿದರೆ ಏತ ನೀರಾವರಿ ಇನ್ನೊಂದು ಒಳ್ಳೆಯ ವಿಷಯ. ಒಂದು ಘನ ಮೀಟರ್ ನೀರೆಂದರೆ ಒಂದು ಟನ್. ಅದನ್ನು 100 ಮೀಟರ್ ಮೇಲೆತ್ತಲು ಪಂಪು, ಪೈಪಿನ ನಷ್ಟ ಬಿಟ್ಟೇ 0.27 ಯೂನಿಟ್ ವಿದ್ಯುತ್ ಬೇಕು. ಕಾಲುವೆಯ ಪಕ್ಕ ನಿಂತು ಈ ಒಂದು ಅಂಕಿ ಹೇಳಿದರೆ ಸಾಕು, ಓದುಗರು ಮುಂದಿನ ಗುಣಾಕಾರ ತಾವೇ ಮಾಡುತ್ತಾರೆ.

ಗೋಳಗುಮ್ಮಟದ ಬಗ್ಗೆ ಬರೆಯುವವರು ಪ್ರತಿಧ್ವನಿ ಎಷ್ಟು ಸಲ ಎಂಬ ಎಣಿಕೆಯಲ್ಲೇ ನಿಂತುಬಿಡುವುದು ನನಗೆ ಬೇಸರ. ಅಲ್ಲಿ ನಡೆಯುವುದು ಎರಡು ಬೇರೆ ಸಂಗತಿ. ಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್. ಚಪ್ಪಾಳೆಯ ಸದ್ದು ಎದುರು ಗೋಡೆಗೆ ಹೋಗಿ ಬರಲು 76 ಮೀಟರ್ ಕ್ರಮಿಸಬೇಕು, ಅದಕ್ಕೆ ಸೆಕೆಂಡಿನ ಐದನೇ ಒಂದು ಭಾಗಕ್ಕಿಂತ ತುಸು ಹೆಚ್ಚು ಹಿಡಿಯುತ್ತದೆ. ಮೂಲ ಸದ್ದಿನಿಂದ ಬೇರೆಯಾಗಿ ಕೇಳಲು ಆ ಅಂತರ ಧಾರಾಳ. ಪಿಸುಮಾತು ಹಾಗಲ್ಲ, ಅದು ಬಾಗಿದ ಗೋಡೆಯನ್ನೇ ತಬ್ಬಿಕೊಂಡು ಸುತ್ತುತ್ತದೆ. ಸಿ.ವಿ. ರಾಮನ್ 1921ರಲ್ಲಿ ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚಿನ ಪಿಸುಗುಡುವ ಗ್ಯಾಲರಿಯನ್ನು ಪರೀಕ್ಷಿಸಿದರು. ಆಮೇಲೆ ಇಲ್ಲಿನ ಗ್ಯಾಲರಿಗಳನ್ನೂ ಅಭ್ಯಾಸ ಮಾಡಿದರು, ಅವುಗಳಲ್ಲಿ ನಮ್ಮ ಗುಮ್ಮಟವೂ ಒಂದು.

ಓದಲು ಏನು ಕೊಡುತ್ತೀರಿ ಎಂದರೆ ಮೊದಲು ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’. 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಸಸ್ಯಶಾಸ್ತ್ರದ ಪುಸ್ತಕ. ಅಲ್ಲಿ ಗಿಡಗಳ ಜೊತೆಗೆ ವಿದ್ಯಾರ್ಥಿಗಳ ಗಲಾಟೆ, ಕಾಡಿನ ಊಟ, ನಡಿಗೆಯ ಸುಸ್ತು ಎಲ್ಲವೂ ಇವೆ, ಆದರೂ ಶಾಸ್ತ್ರ ಎಲ್ಲೂ ತೆಳುವಾಗುವುದಿಲ್ಲ. ಶಾಲೆಯ ಮಕ್ಕಳಿಗಾದರೆ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ‘ಬಾಲ ವಿಜ್ಞಾನ’ದ ಹಳೆಯ ಸಂಚಿಕೆಗಳು.

ತಿದ್ದಿದ ಲೇಖನ ಹಿಡಿದು ಮತ್ತೆ ಶೆಡ್ಡಿಗೆ ಹೋದೆ. ರವದಿಯ ಹೋಲಿಕೆ ಅವರಿಗೆ ಹಿಡಿಸಿತು. “ಬಿಸಿಲಾಗ ಒಣಗಸ್ತಾರ ಅಂತ ಬರದೀರಲ್ರೀ, ಅದನ್ನ ತಗೀರಿ” ಎಂದರು, ತಲೆಯ ಮೇಲಿನ ಹಸಿರು ಪರದೆ ತೋರಿಸುತ್ತ. ನೇರ ಬಿಸಿಲು ಬಿದ್ದರೆ ಮಣೂಕ ಕಂದಾಗುತ್ತದೆ, ಹಸಿರು ಬಣ್ಣ ಉಳಿಯಲು ನೆರಳು ಮತ್ತು ಗಾಳಿ ಬೇಕು. ಅಲ್ಲೇ ಪೆನ್ನು ತೆಗೆದು ‘ಬಿಸಿಲು’ ಹೊಡೆದುಹಾಕಿ ‘ಒಣಗಾಳಿ’ ಎಂದು ಬರೆದೆ.